185 ಅಲ್ಲ, 196: ಹ್ಯಾನ್‌ಕಾಕ್ ಆಟದ ಗಂಟು ಬಿಚ್ಚಿತು

ಮೂರು ತಿಂಗಳಿಂದ ಕಾಡುತ್ತಿದ್ದ ಗಂಟು ಮೊನ್ನೆ ಭಾನುವಾರ ರಾತ್ರಿ ಬಿಚ್ಚಿಕೊಂಡಿತು. ನಾನು ಅದನ್ನು ನ್ಯೂಯಾರ್ಕಿನಲ್ಲಿ ಹುಡುಕುತ್ತಿದ್ದೆ. ಅದು ಕೂತಿದ್ದು ಜಾರ್ಜಿಯಾದಲ್ಲಿ.

ಆಟ ಅಂದರೆ ನಾನೇ ಕಟ್ಟುತ್ತಿರುವ ಕಾರ್ಡು-ಹಾಸಿನ ಆಟ: 1880ರ ಅಮೆರಿಕದ ಅಧ್ಯಕ್ಷ ಚುನಾವಣೆ, ಇಬ್ಬರು ಆಟಗಾರರು, 38 ರಾಜ್ಯಗಳ ಹಾಸು. ಒಂದು ಕಡೆ ರಿಪಬ್ಲಿಕನ್ ಜೇಮ್ಸ್ ಗಾರ್ಫೀಲ್ಡ್, ಇನ್ನೊಂದು ಕಡೆ ಡೆಮಾಕ್ರಟಿಕ್ ಪಕ್ಷದ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಹ್ಯಾನ್‌ಕಾಕ್. ಉತ್ತರ–ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ, ಗೆಟಿಸ್‌ಬರ್ಗಿನಲ್ಲಿ ತೊಡೆಗೆ ಗುಂಡು ಬಿದ್ದರೂ ಕಾಳಗ ಮುಗಿಯುವ ತನಕ ಜಾಗ ಬಿಟ್ಟು ಕದಲದ ಮನುಷ್ಯ. ಉತ್ತರದ ಸೇನೆಯ ಈ ವೀರನಿಗೆ ದಕ್ಷಿಣದ ರಾಜ್ಯಗಳೆಲ್ಲ ಮತ ಹಾಕಿದವು. ನನ್ನನ್ನು ಈ ಚುನಾವಣೆಗೆ ಎಳೆದದ್ದೇ ಆ ವಿಚಿತ್ರ.

ನಿಜವಾಗಿ ಆದದ್ದು: ಗಾರ್ಫೀಲ್ಡ್ 214, ಹ್ಯಾನ್‌ಕಾಕ್ 155. ಒಟ್ಟು 369 ಎಲೆಕ್ಟೋರಲ್ ಮತ, ಗೆಲ್ಲಲು 185. (ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳು; ರಾಜ್ಯ ಗೆದ್ದವನಿಗೆ ಸಾಮಾನ್ಯವಾಗಿ ಅವರೆಲ್ಲರ ಮತ.) ದೇಶದಾದ್ಯಂತ ಬಿದ್ದ ಸುಮಾರು 90 ಲಕ್ಷ ಮತಗಳಲ್ಲಿ ಇಬ್ಬರ ಅಂತರ ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ನ್ಯೂಯಾರ್ಕಿನ 35 ಮತ ಗಾರ್ಫೀಲ್ಡ್ ಕೈಗೆ ಹೋದದ್ದು ಸುಮಾರು 21,000 ಮತಗಳ ಅಂತರದಲ್ಲಿ. ಆ ಒಂದು ರಾಜ್ಯ ತಿರುಗಿದರೆ ಹ್ಯಾನ್‌ಕಾಕ್ 190, ಗಾರ್ಫೀಲ್ಡ್ 179. ಜನರಲ್ ಸಾಹೇಬರು ಅಧ್ಯಕ್ಷರು. ನಾನು ಇಡೀ ಆಟವನ್ನು ಈ ಲೆಕ್ಕದ ಮೇಲೇ ಕಟ್ಟಿದ್ದೆ. ಹಾಸಿನ ನಾಲ್ಕೂ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ 185 ಅಂತ ಅಚ್ಚು ಮಾಡಿಸಿಯೂ ಆಗಿತ್ತು.

ಆಮೇಲೆ 1881ರ ಫೆಬ್ರುವರಿ 9ರ ಮತ ಎಣಿಕೆಯ ವಿವರ ಓದಿದೆ.

ಎಲೆಕ್ಟರ್‌ಗಳು ದೇಶದಾದ್ಯಂತ ಒಂದೇ ದಿನ ಮತ ಹಾಕಬೇಕೆಂಬುದು ಸಂವಿಧಾನದ ಮಾತು. ಆ ಸಲ ಅದು ಡಿಸೆಂಬರ್ 1. ಜಾರ್ಜಿಯಾದ 11 ಜನ ಮತ ಹಾಕಿದ್ದು ಡಿಸೆಂಬರ್ 8ಕ್ಕೆ. ಒಂದು ವಾರ ತಡ! ಮತ ಎಣಿಸುವ ಕಾಂಗ್ರೆಸ್ಸು, ಅಂದರೆ ಅಮೆರಿಕದ ಸಂಸತ್ತು, ಜಗಳಕ್ಕೆ ಇಳಿಯಲಿಲ್ಲ. ಜಾರ್ಜಿಯಾ ಸೇರಿಸಿದರೆ ಹ್ಯಾನ್‌ಕಾಕ್‌ಗೆ 155, ಬಿಟ್ಟರೆ 144, ಹೇಗೆ ಎಣಿಸಿದರೂ ಗಾರ್ಫೀಲ್ಡ್ ಗೆದ್ದ ಎಂದು ಘೋಷಿಸಿ ಕೈತೊಳೆದುಕೊಂಡಿತು.

ಈಗ ನನ್ನ ಲೆಕ್ಕಕ್ಕೆ ಬನ್ನಿ. 190ರಲ್ಲಿ 11 ಕಳೆಯಿರಿ. 179. ಎದುರಿಗೆ ಗಾರ್ಫೀಲ್ಡ್ 179. ಸಮ! ಕಾಗದದ ಮೇಲೆ ಮೂರು ಸಲ ಕಳೆದು ನೋಡಿದೆ, ಎದ್ದು ಹೋಗಿ ನೀರು ಕುಡಿದು ಬಂದು ನಾಲ್ಕನೇ ಸಲ ಕಳೆದೆ.

ಮೊದಲು ಜಾರ್ಜಿಯಾವನ್ನು ಸುಮ್ಮನೆ ಮರೆತುಬಿಡೋಣ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ಕಲ್ಪಿತ ಇತಿಹಾಸ ಅಂದ ಮೇಲೆ ಒಂದನ್ನು ಬದಲಿಸಿ ಉಳಿದದ್ದನ್ನು ಇದ್ದಹಾಗೇ ಇಡಬೇಕು. ನಮಗೆ ಅಡ್ಡ ಬರುವುದನ್ನೆಲ್ಲ ಅಳಿಸುತ್ತ ಹೋದರೆ ಅದು ಇತಿಹಾಸವೇ ಅಲ್ಲ.

ಆಮೇಲೆ ಕೊನೆಗೆ ಒಂದು ದಾಳ ಇಟ್ಟೆ: 1ರಿಂದ 3 ಬಿದ್ದರೆ ಜಾರ್ಜಿಯಾ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ಭಾವ ಗಾರ್ಫೀಲ್ಡ್ ಆಡಿ, ಸೋತು, ಎದ್ದು ನಿಂತರು. “ಅಲ್ಲಪ್ಪಾ, ಮೂರು ಗಂಟೆ ತಲೆ ಓಡಿಸಿ ಕೊನೆಗೆ ದಾಳ ಹಾಕೋದಾದ್ರೆ ಮೊದ್ಲೇ ಹಾಕಿ ಊಟಕ್ಕೆ ಏಳಬಹುದಿತ್ತಲ್ಲ?” ಅವರ ಮಾತು ನೂರಕ್ಕೆ ನೂರು ಸರಿ.

ಮೂರನೆಯದಾಗಿ ಕಾಂಗ್ರೆಸ್ಸೇ ತೀರ್ಮಾನಿಸಲಿ ಎಂದು ಬಿಟ್ಟೆ. ತಕರಾರಿನ ಮತ ಎಣಿಸುವ ಕ್ರಮಕ್ಕೆ ಕಾನೂನು ಬಂದದ್ದೇ 1887ರಲ್ಲಿ. 1881ರಲ್ಲಿ ಎರಡೂ ಸದನ ಡೆಮಾಕ್ರಟರ ಕೈಯಲ್ಲಿ. ಮತಗಳ ಲಕೋಟೆ ಒಡೆಯುವ ಅಧಿಕಾರ ಮಾತ್ರ ರಿಪಬ್ಲಿಕನ್ ಉಪಾಧ್ಯಕ್ಷ ವಿಲಿಯಂ ವೀಲರ್‌ನದು. ನಾಲ್ಕು ವರ್ಷದ ಹಿಂದಿನ ಅಧ್ಯಕ್ಷ ಚುನಾವಣೆಯಲ್ಲಿ 185–184ರಲ್ಲಿ ರಿಪಬ್ಲಿಕನ್ ಹೇಯ್ಸ್ ಎದುರು ತಮ್ಮ ಟಿಲ್ಡನ್ ಸೋತ ಉರಿ ಡೆಮಾಕ್ರಟರಲ್ಲಿ ಇನ್ನೂ ಆರಿರಲಿಲ್ಲ. ಅವರು ಜಾರ್ಜಿಯಾ ಬಿಟ್ಟುಕೊಡುತ್ತಾರೆಯೇ? ಆರು ಸಲ ಆಡಿದರೆ ಆರೂ ಸಲ ಹ್ಯಾನ್‌ಕಾಕ್. ಗಾರ್ಫೀಲ್ಡ್ ಆಡುವವರಿಗೆ ಕೈಕಟ್ಟಿ ಕೂರುವುದೊಂದೇ ಕೆಲಸ. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಅಕ್ಕನ ಮಗಳು, “ಮಾಮಾ, ನಮ್ ಸ್ಕೂಲಲ್ಲಿ ಐದ್ ನಿಮಿಷ ಲೇಟಾದ್ರೂ ಗೇಟ್ ಹಾಕ್ತಾರೆ, ಇವ್ರು ಒಂದ್ ವಾರ ಲೇಟು!” ಅಂದಳು. ಎಲ್ಲರೂ ನಕ್ಕೆವು, ಗಂಟು ಹಾಗೇ ಉಳಿಯಿತು.

ಭಾನುವಾರ ಹೊಳೆದದ್ದು ಇಷ್ಟೇ. ಜಾರ್ಜಿಯಾ ಕಳೆದ ಮೇಲೂ 185 ಉಳಿಯಬೇಕಾದರೆ ಹ್ಯಾನ್‌ಕಾಕ್‌ಗೆ ಬೇಕಾದದ್ದು 196. 184ರೊಳಗಿದ್ದರೆ ಜಾರ್ಜಿಯಾ ಇದ್ದೂ ಸೋಲು, 196 ಮುಟ್ಟಿದರೆ ಇಲ್ಲದೆಯೂ ಗೆಲುವು. ತಕರಾರು ಹುಟ್ಟುವುದು 185ರಿಂದ 195ರ ನಡುವೆ ಮಾತ್ರ. ಹಾಗಾದರೆ ನ್ಯೂಯಾರ್ಕಿನ ಜತೆಗೆ ಇನ್ನೇನು ಬೇಕು? ಕ್ಯಾಲಿಫೋರ್ನಿಯಾದಲ್ಲಿ ಗಾರ್ಫೀಲ್ಡ್‌ಗೆ ದಕ್ಕಿದ ಒಂದೇ ಒಂದು ಮತ, ಒರೆಗಾನಿನ 3 ಸೇರಿಸಿದರೂ 194. ಸಾಲದು. ಕನೆಕ್ಟಿಕಟ್ 6. ನೂರಾ ತೊಂಬತ್ತಾರು!

ಗಾರ್ಫೀಲ್ಡ್ ಕನೆಕ್ಟಿಕಟ್ ಗೆದ್ದದ್ದು ಮೂರು ಸಾವಿರಕ್ಕೂ ಕಡಿಮೆ ಅಂತರದಲ್ಲಿ. ಅದು ಆಮದು ಸುಂಕದ ರಕ್ಷಣೆ ಬಯಸುವ ಕಾರ್ಖಾನೆಗಳ ರಾಜ್ಯ. ಅಕ್ಟೋಬರಿನ ಒಂದು ಸಂದರ್ಶನದಲ್ಲಿ ಹ್ಯಾನ್‌ಕಾಕ್ ಆ ಸುಂಕವನ್ನು ಸ್ಥಳೀಯ ಪ್ರಶ್ನೆ ಎಂದುಬಿಟ್ಟಿದ್ದ. ರಿಪಬ್ಲಿಕನ್ನರು ಅದನ್ನು ಕಾರ್ಖಾನೆಯ ಬಾಗಿಲುಬಾಗಿಲಿಗೂ ಒಯ್ದರು. ಆ ಸಂದರ್ಶನ ನಡೆಯದಿದ್ದರೆ ಎಂಬ ಒಂದೇ ಬದಲಾವಣೆ ನ್ಯೂಯಾರ್ಕ್, ಕನೆಕ್ಟಿಕಟ್ ಎರಡನ್ನೂ ಅಲ್ಲಾಡಿಸುತ್ತದೆ. ಡೆಮಾಕ್ರಟಿಕ್ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ವಿಲಿಯಂ ಬಾರ್ನಮ್ ಕೂಡ ಕನೆಕ್ಟಿಕಟ್‌ನವನೇ. ಇಷ್ಟು ದಿನ ಕೆಲಸವಿಲ್ಲದೆ ಕೂತಿದ್ದ ಅವನ ಕಾರ್ಡಿಗೆ ಈಗ ಪ್ರಾಣ ಬಂತು.

ಹೊಸ ನಿಯಮ ಹೀಗೆ: ಅಕ್ಟೋಬರ್ ಸುತ್ತಿನಲ್ಲಿ ಕಾರ್ಡು ಸುರಿದು ಕನೆಕ್ಟಿಕಟ್ ಹಿಡಿಯಬಹುದು, ಇಲ್ಲವೇ ಮೂರು ಕಾರ್ಡು ಉಳಿಸಿಕೊಂಡು ಫೆಬ್ರುವರಿ ಸುತ್ತಿನಲ್ಲಿ ಜಾರ್ಜಿಯಾಕ್ಕಾಗಿ ಹೋರಾಡಬಹುದು. ಗಾರ್ಫೀಲ್ಡ್ ಕಡೆಯವರೂ ಹಾಗೇ ಉಳಿಸಿಡಬಹುದು. ನಿನ್ನೆ ಭಾವ ಅಕ್ಟೋಬರಿನಲ್ಲಿ ಇಪ್ಪತ್ತು ನಿಮಿಷ ಕಾರ್ಡು ಹಿಡಿದು ಯೋಚಿಸಿದರು. ನನಗೆ ಬೇಕಾಗಿದ್ದ ಇಪ್ಪತ್ತು ನಿಮಿಷ ಅದೇ.

ಇನ್ನು ಪ್ರೆಸ್ಸಿನವರ ವಿಷಯ. 300 ಜಿಎಸ್‌ಎಂ ಆರ್ಟ್ ಕಾರ್ಡ್ ಎಂದು ಬರೆದುಕೊಟ್ಟಿದ್ದೆ, ಬಂದದ್ದು ಮದುವೆ ಕರೆಯೋಲೆಗಿಂತ ತೆಳು. ಹ್ಯಾನ್‌ಕಾಕ್‌ನ ನೀಲಿ ನೇರಳೆಯಾಗಿದೆ. ಬಿಲ್ಲೆ ಕತ್ತರಿಸುವಾಗ ರೋಡ್ ಐಲೆಂಡಿನ 4ರ ಬಾಲವೇ ಹೋಗಿದೆ. ಕೇಳಿದರೆ “ಸರ್, ಮಷೀನ್ ಹಂಗೇ ಬರೋದು”. 185 ತಪ್ಪಾದ್ದರಿಂದ ಹಾಸನ್ನು ಹೇಗೂ ಮತ್ತೆ ಅಚ್ಚು ಮಾಡಿಸಬೇಕು; ಈ ಸಲ ಬೇರೆ ಅಂಗಡಿ.

ಇದರ ನಡುವೆ ಮುಂದಿನ ಆಟ ತಲೆಗೆ ಹತ್ತಿಬಿಟ್ಟಿದೆ. ಅದೇ ವರ್ಷ ಜೂನ್, ಅಭ್ಯರ್ಥಿಯನ್ನು ಆರಿಸುವ ಷಿಕಾಗೊದ ರಿಪಬ್ಲಿಕನ್ ಸಮಾವೇಶ. ಮೂರನೇ ಅವಧಿಗೆ ನಿಂತ ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್‌ಗೆ ಮೊದಲ ಸುತ್ತಿನಲ್ಲಿ 304, ಬೇಕಾದದ್ದು 379. ಅವನ ಬೆಂಬಲಿಗರು ಕೊನೆತನಕ ಕದಲಲಿಲ್ಲ, 36ನೇ ಸುತ್ತಿನಲ್ಲಿ ಗಾರ್ಫೀಲ್ಡ್ ಎದ್ದುಬಂದ. ಗ್ರಾಂಟ್‌ಗೆ ಆ ಎಪ್ಪತ್ತೈದು ದಕ್ಕಿದ್ದರೆ ನವೆಂಬರಿನಲ್ಲಿ ಗ್ರಾಂಟ್ ಎದುರು ಹ್ಯಾನ್‌ಕಾಕ್! ಒಂದೇ ಸೈನ್ಯದಲ್ಲಿ ದುಡಿದ ಇಬ್ಬರು. ನೋಟ್‌ಬುಕ್ಕಿನಲ್ಲಿ ಆಗಲೇ ಎಂಟು ಪುಟ ತುಂಬಿದೆ.

ಅದಕ್ಕೆ ಮೊದಲು ಇಲ್ಲಿ ಉಳಿದಿರುವ ಕೆಲಸ: ಜಾರ್ಜಿಯಾ ಬಿದ್ದು 179–179 ಆದರೆ ತೀರ್ಮಾನ ಕಾಂಗ್ರೆಸ್ಸಿನ ಕೆಳಸದನವಾದ ಹೌಸ್‌ಗೆ ಹೋಗುತ್ತದೆ, ರಾಜ್ಯಕ್ಕೊಂದು ಮತ, 38ರಲ್ಲಿ 20 ಬೇಕು. ಅದರ ಹಾಳೆ ಗೀಚುತ್ತಿದ್ದೇನೆ. ಶನಿವಾರ ಭಾವ ಮತ್ತೆ ಬರುತ್ತಾರೆ, ಈ ಸಲ ಹ್ಯಾನ್‌ಕಾಕ್ ಅವರದಂತೆ.