ಮೇಷ್ಟ್ರ ಲಿನಕ್ಸ್ ಡಿಸ್ಕಿಗೆ ಇನ್ನೊಂದು ಪ್ರತಿ

ಜುಲೈ 13, 2025, ಭಾನುವಾರ
ಮಡಿಕೇರಿ

ಇವತ್ತು ಮಧ್ಯಾಹ್ನ ಹೊಸ ಡಿಸ್ಕ್ ಬೂಟ್ ಆಯ್ತು, ಅಂದರೆ ಅದರಿಂದಲೇ ಕಂಪ್ಯೂಟರ್ ಶುರುವಾಯ್ತು. ಶಾಲೆಯ ಹಳೇ ಸಿಪಿಯುನಲ್ಲೇ ಮೆನು ಬಂತು, ಅಲ್ಲಿಂದ ಕನ್ನಡ ಡೆಸ್ಕ್‌ಟಾಪ್ ತನಕ ಹೋಯ್ತು. ತುಂಬಾ ಖುಷಿಯಾಗಿದೆ. ಮರೆಯುವ ಮೊದಲು ಎಲ್ಲ ಬರೆದಿಡುತ್ತೇನೆ, ಇದೇ ಕೆಲಸ ಇನ್ಯಾರಿಗಾದರೂ ಬೀಳಬಹುದು.

ವಿಷಯ ಇಷ್ಟು. ನಮ್ಮ ಮೇಷ್ಟ್ರು ರಿಟೈರ್ ಆಗುವ ಮೊದಲು ಶಾಲೆಗೆ ಅಂತ ಒಂದು ಲಿನಕ್ಸ್ ಲೈವ್ ಸಿಡಿ ಮಾಡಿದ್ದರು. ಆಗ ರೀಮಾಸ್ಟರ್‌ಸಿಸ್ ಅಂತ ಒಂದು ಸಾಫ್ಟ್‌ವೇರ್ ಇತ್ತು. ನಮಗೆ ಬೇಕಾದ ಹಾಗೆ ಜೋಡಿಸಿಕೊಂಡ ಉಬುಂಟುವನ್ನೋ ಡೆಬಿಯನ್ನನ್ನೋ (ಎರಡೂ ಲಿನಕ್ಸಿನ ಬಗೆಗಳು) ಅದು ಬೂಟ್ ಆಗುವ ಐಎಸ್‌ಒ, ಅಂದರೆ ಇಡೀ ಡಿಸ್ಕಿನ ಒಂದೇ ಫೈಲ್, ಮಾಡಿ ಕೊಡುತ್ತಿತ್ತು. ಮೇಷ್ಟ್ರು ಅದರೊಳಗೆ ಕನ್ನಡ ಫಾಂಟ್, ಕನ್ನಡ ಕೀಬೋರ್ಡ್, ಮಕ್ಕಳ ಕಲಿಕೆಯ ಜಿಕಾಂಪ್ರಿ, ಚಿತ್ರ ಬಿಡಿಸುವ ಟಕ್ಸ್ ಪೇಂಟ್, ತಾವೇ ಟೈಪ್ ಮಾಡಿದ ಗಣಿತದ ಅಭ್ಯಾಸಗಳು, ಎಲ್ಲ ಹಾಕಿದ್ದರು. ಹಾರ್ಡ್ ಡಿಸ್ಕ್ ಹೋದ ಕಂಪ್ಯೂಟರಿಗೂ ಈ ಸಿಡಿ ಹಾಕಿದರೆ ಸಾಕು, ಮಕ್ಕಳು ಕೂತು ಕಲಿಯಬಹುದು. ಮಾಮೂಲಿ ಉಬುಂಟು ಆಗಿದ್ದರೆ ಯಾವ ಕಾಲದ್ದಾದರೂ ನೆಟ್‌ನಿಂದ ಇಳಿಸಿಕೊಳ್ಳಬಹುದು. ಇದು ಎಲ್ಲೂ ಸಿಗುವುದಿಲ್ಲ. ಉಳಿದಿದ್ದದ್ದು ಒಂದೇ ಒಂದು ಸಿಡಿ, ಅದೂ ಮನೆಯಲ್ಲಿ ರೈಟ್ ಮಾಡಿದ್ದು, ಪೇಪರ್ ಕವರಿನಲ್ಲಿಟ್ಟು ಬೂಸ್ಟು ಹಿಡಿದದ್ದು. ನಮ್ಮೂರ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಸ್ಟು ಬಿಡುವುದಿಲ್ಲ, ಸಿಡಿಯನ್ನು ಬಿಡುತ್ತಾ?

ಶಾಲೆಯವರು ಅದನ್ನು ಮೊದಲೇ ಒಮ್ಮೆ ನಕಲು ಮಾಡಿಸಿದ್ದರು. ಆ ನಕಲು ಬೂಟ್ ಆಗುವುದಿಲ್ಲ. ಮೇಷ್ಟ್ರು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಬಂದು ಕೇಳಿದರು, "ಎಲ್ಲ ಫೈಲೂ ಇದೆಯಲ್ಲಪ್ಪಾ, ತೆಗೆದು ನೋಡಿದರೆ ಒಂದೂ ಬಿಟ್ಟುಹೋಗಿಲ್ಲ. ಮತ್ಯಾಕೆ ಶುರುವಾಗಲ್ಲ?"

ಇದು ತುಂಬಾ ಜನರಿಗೆ ಬರುವ ಪ್ರಶ್ನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೇಟಾ ಸಿಡಿಯನ್ನು 2048 ಬೈಟಿನ ಸೆಕ್ಟರ್‌ಗಳಾಗಿ ಓದುತ್ತಾರೆ. ಎಣಿಕೆ ಸೊನ್ನೆಯಿಂದ ಶುರು. ಮೊದಲ 16 ಸೆಕ್ಟರ್ ಸಿಸ್ಟಮ್ಮಿಗೆ ಅಂತ ಬಿಟ್ಟ ಜಾಗ. 16ನೇದರಲ್ಲಿ ಡಿಸ್ಕಿನ ಹೆಸರು, ಅಳತೆ ಇತ್ಯಾದಿ ಇರುತ್ತದೆ. ಬೂಟ್ ಆಗುವ ಸಿಡಿಯಾದರೆ 17ನೇದರಲ್ಲಿ ಎಲ್ ಟೊರಿಟೊ ದಾಖಲೆ ಇರುತ್ತದೆ. ಫೀನಿಕ್ಸ್ ಮತ್ತು ಐಬಿಎಂ ಸೇರಿ 1995ರಲ್ಲಿ ಮಾಡಿದ ನಿಯಮ ಇದು. ಕಂಪ್ಯೂಟರ್ ಆನ್ ಆದಾಗ ಬಯೋಸ್, ಅಂದರೆ ಮದರ್‌ಬೋರ್ಡಿನಲ್ಲೇ ಇದ್ದು ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಂ, ಫೈಲುಗಳನ್ನು ನೋಡುವುದೇ ಇಲ್ಲ. ಸೀದಾ 17ನೇ ಸೆಕ್ಟರಿಗೆ ಹೋಗಿ, ಬೂಟ್ ಪಟ್ಟಿ ಎಲ್ಲಿದೆ ಅಂತ ತಿಳಿದು, ಆ ಪಟ್ಟಿ ತೋರಿಸಿದ ಜಾಗದಿಂದ ಲಿನಕ್ಸನ್ನು ಶುರುಮಾಡುವ ಐಸೊಲಿನಕ್ಸ್ ಅನ್ನುವ ಪ್ರೋಗ್ರಾಮಿನ ಮೊದಲ ತುಂಡನ್ನು ಎತ್ತಿಕೊಳ್ಳುತ್ತದೆ. ಫೋಲ್ಡರ್ ತೆರೆದು ಎಲ್ಲ ಸೆಲೆಕ್ಟ್ ಮಾಡಿ ಕಾಪಿ ಹೊಡೆದರೆ 17ನೇ ಸೆಕ್ಟರಿನ ಆ ದಾಖಲೆ ಬರುವುದೇ ಇಲ್ಲ, ಅದು ಫೈಲ್ ಅಲ್ಲವಲ್ಲ. ಇನ್ನೂ ಒಂದಿದೆ. ಐಎಸ್‌ಒ ಮಾಡುವಾಗಲೇ ಐಸೊಲಿನಕ್ಸ್ ಫೈಲಿನ ಒಳಗೆ, ತಾನು ಡಿಸ್ಕಿನಲ್ಲಿ ಎಷ್ಟನೇ ಸೆಕ್ಟರಿನಲ್ಲಿದ್ದೇನೆ ಅನ್ನುವುದನ್ನು ಬರೆದಿಡುತ್ತಾರೆ. ಬೇರೆ ಡಿಸ್ಕಿಗೆ ಬರಿ ಫೈಲನ್ನು ಹಾಕಿದರೆ ಅದು ಕೂರುವ ಜಾಗ ಬೇರೆಯಾಗುತ್ತದೆ, ಒಳಗಿನ ವಿಳಾಸ ಹಳೆಯದೇ ಇರುತ್ತದೆ.

ಹಾಗಾಗಿ ಫೈಲು ಗೀಲು ಬಿಟ್ಟು ಇಡೀ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೇ ಸೆಕ್ಟರಿನ ತನಕ ಇದ್ದ ಹಾಗೇ ಎತ್ತಬೇಕು. ಒಳ್ಳೇ ಡಿಸ್ಕ್ ಆಗಿದ್ದರೆ ಲಿನಕ್ಸಿನಲ್ಲಿ ನಕಲು ಮಾಡುವ ಡಿಡಿ ಆಜ್ಞೆ ಸಾಕು. ಎಷ್ಟು ಎತ್ತಬೇಕು ಅಂತ ಮೊದಲು ಡಿಸ್ಕಿನ ವಿವರ ಹೇಳುವ ಐಸೊಇನ್ಫೊ ಆಜ್ಞೆಯಿಂದ ಕೇಳಿಕೊಂಡೆ: 342118 ಬ್ಲಾಕ್, ಅಂದರೆ ಸೆಕ್ಟರ್. ಅದನ್ನು 2048ರಿಂದ ಗುಣಿಸಿದರೆ 70,06,57,664 ಬೈಟ್. ಈ ಲೆಕ್ಕ ಯಾಕೆ ಬೇಕು ಅಂದರೆ, ಒಂದೊಂದು ಟ್ರ್ಯಾಕ್ ಆಗಿ ರೈಟ್ ಮಾಡಿದ ಸಿಡಿಗಳ ಕೊನೆಯಲ್ಲಿ ಓದಲಾಗದ ಎರಡು ಬ್ಲಾಕ್ ಉಳಿದುಕೊಳ್ಳುತ್ತವೆ. ಲೆಕ್ಕ ಕೊಡದೆ ಓದಿಸಿದರೆ ಕೊನೆಗೆ ಎರರ್ ಬರುತ್ತದೆ, ಡಿಸ್ಕೇ ಹಾಳಾಗಿದೆ ಅಂತ ಜನ ಎಸೆದುಬಿಡುತ್ತಾರೆ. ಅದು ಡೇಟಾ ಅಲ್ಲ, ಬೇಕಾಗೂ ಇಲ್ಲ.

ಆದರೆ ಈ ಡಿಸ್ಕಿನಲ್ಲಿ ನಡುವೆಯೂ ತೊಂದರೆ ಇತ್ತು. ಮೊದಲು ಒರೆಸಿದೆ. ಮೆತ್ತನೆಯ ಬಟ್ಟೆ, ಚೂರು ನೀರು, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಲೂ ಉಜ್ಜಬಾರದು, ಟ್ರ್ಯಾಕಿನ ಉದ್ದಕ್ಕೂ ಗೀರು ಬಿದ್ದರೆ ಡ್ರೈವ್ ಸರಿಪಡಿಸಿಕೊಳ್ಳಲಾರದು. ಹೆಸರು ಬರೆಯುವ ಮೇಲಿನ ಭಾಗವನ್ನು ಇನ್ನೂ ಹುಷಾರಾಗಿ ನೋಡಿಕೊಳ್ಳಬೇಕು. ಹೊಳೆಯುವ ಪದರ ಇರುವುದು ಅಲ್ಲೇ, ಅದರ ಮೇಲೆ ತೆಳ್ಳನೆಯ ಲೇಪ ಅಷ್ಟೇ. ಕೆಳಗಡೆ ಒಂದು ಮಿಲಿಮೀಟರಿಗಿಂತ ದಪ್ಪದ ಪ್ಲಾಸ್ಟಿಕ್ ಇರುತ್ತದೆ, ಸಣ್ಣ ಗೀರು ಬಿದ್ದರೂ ನಡೆಯುತ್ತದೆ.

ಆಮೇಲೆ ಡಿಡಿರೆಸ್ಕ್ಯೂ ಹಾಕಿದೆ. ಹಾಳಾದ ಡಿಸ್ಕಿನಿಂದ ಓದಲಾಗುವಷ್ಟನ್ನೂ ಎತ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲಿನ ಫೈಲ್, ಮಾಡಿಕೊಡುತ್ತದೆ. ಈ ಸಾಫ್ಟ್‌ವೇರ್ ಮಾಡಿದವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಮೊದಲ ಸುತ್ತಿನಲ್ಲಿ ಕಷ್ಟದ ಜಾಗ ಬಿಟ್ಟು ಸುಲಭದ್ದನ್ನೆಲ್ಲ ಎತ್ತಿಕೊಳ್ಳುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದುಕೊಂಡೇ ಹೋಗುತ್ತದೆ. ನಿನ್ನೆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯ್ತು, ಎಲ್ಲೋ ಮರ ಬಿದ್ದಿರಬೇಕು. ಯುಪಿಎಸ್ ಕೂಗಿ ಕೂಗಿ ನಿಂತಿತು. ಬೆಳಿಗ್ಗೆ ಕರೆಂಟ್ ಬಂದ ಮೇಲೆ ಅದೇ ಆಜ್ಞೆ, ಅದೇ ಮ್ಯಾಪ್ ಫೈಲ್ ಕೊಟ್ಟೆ, ನಿಂತಲ್ಲಿಂದಲೇ ಮುಂದುವರೆಯಿತು. ಕೊಡಗಿನಲ್ಲಿ ಜುಲೈ ತಿಂಗಳಲ್ಲಿ ಕಂಪ್ಯೂಟರ್ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಎರಡನೇ ಸುತ್ತಾದರೂ ಅಂಚಿನ ಹತ್ತಿರ ಒಂದಿಷ್ಟು ಸೆಕ್ಟರ್ ಬರಲಿಲ್ಲ. ಇಷ್ಟು ಸಾಕು ಅಂತ ಬಿಡುವ ಹಾಗಿರಲಿಲ್ಲ. ಲೈವ್ ಡಿಸ್ಕಿನಲ್ಲಿ ಇಡೀ ಸಿಸ್ಟಮ್ ಸ್ಕ್ವಾಶ್‌ಎಫ್‌ಎಸ್ ಅನ್ನುವ ಒಂದೇ ದೊಡ್ಡ ಫೈಲಿನಲ್ಲಿ ಅದುಮಿ ಇಟ್ಟಿರುತ್ತದೆ. ಒಂದು ಸೆಕ್ಟರ್ ಹೋದರೆ ಅದಿರುವ ಇಡೀ ತುಂಡು ಬಿಚ್ಚಿಕೊಳ್ಳುವುದಿಲ್ಲ. ಬೂಟ್ ಆದ ಹಾಗೆ ಕಂಡು, ಯಾವುದೋ ಪ್ರೋಗ್ರಾಂ ತೆರೆದಾಗ ನಿಂತುಬಿಡಬಹುದು. ಅದಕ್ಕೇ ಅಲ್ಲಿಯ ತನಕ ಬಳಸಿದ ಯುಎಸ್‌ಬಿ ಸಿಡಿ ಡ್ರೈವ್ ಬಿಟ್ಟು ಹಳೇ ಡೆಸ್ಕ್‌ಟಾಪಿನ ಡ್ರೈವಿಗೆ ಸಿಡಿ ಹಾಕಿ, ಇಮೇಜನ್ನೂ ಮ್ಯಾಪ್ ಫೈಲನ್ನೂ ಅಲ್ಲಿಗೇ ಒಯ್ದು ಮತ್ತೆ ಓಡಿಸಿದೆ. ಬಿಟ್ಟುಹೋದ ಜಾಗಗಳನ್ನು ಮಾತ್ರ ಅದು ಓದಲು ಹೋಯ್ತು. ತುಂಬಾ ಹೊತ್ತು ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ಒಂದೊಂದೇ ಸೆಕ್ಟರ್ ತಂದುಕೊಟ್ಟಿತು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ನಿಜ. ಹಳೇ ಡ್ರೈವುಗಳನ್ನು ಗುಜರಿಗೆ ಹಾಕಬೇಡಿ ದಯವಿಟ್ಟು.

ಡಿಸ್ಕಿನಲ್ಲೇ ಎಂಡಿ5 ಮೊತ್ತಗಳ (ಫೈಲು ಬದಲಾಗಿದೆಯಾ ಅಂತ ತಿಳಿಸುವ ಲೆಕ್ಕ) ಪಟ್ಟಿ ಇತ್ತು, ಇಮೇಜನ್ನು ಮೌಂಟ್ ಮಾಡಿ, ಅಂದರೆ ಡಿಸ್ಕಿನ ಹಾಗೆ ತೆರೆದು, ಹೋಲಿಸಿದೆ, ಸರಿಹೋಯ್ತು. ರೈಟ್ ಮಾಡುವ ಮೊದಲು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಓಡಿಸುವ ಕ್ಯೂಇಎಂಯುನಲ್ಲಿ ಇಮೇಜನ್ನೇ ಬೂಟ್ ಮಾಡಿ ನೋಡಿದೆ. ಖಾಲಿ ಸಿಡಿ ಇಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ, ಸುಮ್ನೆ ಹಾಳು ಮಾಡೋದು ಯಾಕೆ ಅಲ್ವಾ. ಪೆನ್‌ಡ್ರೈವ್ ಸಾಕಲ್ಲ ಅಂತ ತಂಗಿ ಕೇಳಿದಳು. ಶಾಲೆಯ ಆ ಕಂಪ್ಯೂಟರುಗಳ ಬಯೋಸ್ ಯುಎಸ್‌ಬಿಯಿಂದ ಬೂಟ್ ಮಾಡುವುದಿಲ್ಲ, ಸಿಡಿಯೇ ಬೇಕು.

ಆಮೇಲೆ ಸಿಡಿ ರೈಟ್ ಮಾಡುವ ವೊಡಿಮ್‌ನಿಂದ ಇಡೀ ಡಿಸ್ಕನ್ನು ಒಂದೇ ಸಲಕ್ಕೆ ಬರೆಯುವ ವಿಧಾನದಲ್ಲಿ, ಕಡಿಮೆ ವೇಗದಲ್ಲಿ ರೈಟ್ ಮಾಡಿದೆ. ಹೀಗೆ ಬರೆದರೆ ಕೊನೆಯ ಆ ಎರಡು ಬ್ಲಾಕಿನ ರಗಳೆ ಇರುವುದಿಲ್ಲ. ಮುಗಿದ ಮೇಲೆ ಡಿಸ್ಕನ್ನು ಹೊರಗೆ ತೆಗೆದು ಮತ್ತೆ ಹಾಕಿದೆ. ಇಲ್ಲದಿದ್ದರೆ ಕಂಪ್ಯೂಟರ್ ಡಿಸ್ಕಿನ ಬದಲು ತನ್ನ ನೆನಪಿನಿಂದಲೇ ಓದಿ ಕೊಡುವ ಸಂಭವ ಇದೆ. ಹೊಸ ಡಿಸ್ಕಿನಿಂದ 342118 ಬ್ಲಾಕ್ ಓದಿಸಿ ಎಂಡಿ5ರ ಹಾಗೇ ಇನ್ನೊಂದು ಬಗೆಯ ಶಾ256 ಮೊತ್ತ ತೆಗೆದೆ, ಇಮೇಜಿನ ಮೊತ್ತಕ್ಕೆ ಅಕ್ಷರ ಅಕ್ಷರ ಕೂಡಿತು. ಅಷ್ಟಾದ ಮೇಲೇ ಶಾಲೆಯ ಸಿಪಿಯುಗೆ ಹಾಕಿದ್ದು.

ಮೇಷ್ಟ್ರು ಜಿಕಾಂಪ್ರಿ ತೆರೆದರು, ತಮ್ಮ ಗಣಿತದ ಫೋಲ್ಡರ್ ತೆರೆದರು, ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿದರು. "ಇದನ್ನು ನೆಟ್‌ಗೆ ಹಾಕಿಬಿಡಪ್ಪಾ, ಬೇಕಾದ ಶಾಲೆಯವರು ತಗೊಳ್ಳಲಿ" ಅಂದರು. ನನಗೂ ಅದೇ ಆಸೆ. ಒಳಗಿರುವ ಸಾಫ್ಟ್‌ವೇರುಗಳನ್ನು ಹಂಚಲು ಅನುಮತಿ ಇದ್ದೇ ಇದೆ, ಅಭ್ಯಾಸಗಳು ಮೇಷ್ಟ್ರದ್ದೇ. ಆದರೆ ರೀಮಾಸ್ಟರ್‌ಸಿಸ್‌ನಲ್ಲಿ ಎರಡು ವಿಧ ಇತ್ತು. ಹಂಚುವುದಕ್ಕೆ ಅಂತ ಮಾಡಿದರೆ ಬಳಕೆದಾರರ ಫೋಲ್ಡರ್ ಬಿಟ್ಟು ಮಾಡುತ್ತಿತ್ತು, ಬ್ಯಾಕಪ್ ಅಂತ ಮಾಡಿದರೆ ಅದನ್ನೂ ಸೇರಿಸುತ್ತಿತ್ತು. ಯಾವುದನ್ನು ಆರಿಸಿದ್ದರು ಅಂತ ಮೇಷ್ಟ್ರಿಗೆ ನೆನಪಿಲ್ಲ. ಮಕ್ಕಳ ಹೆಸರು, ಅಂಕಪಟ್ಟಿ, ಫೋಟೋ ಏನಾದರೂ ಒಳಗೆ ಉಳಿದಿದ್ದರೆ ಹಾಗೇ ನೆಟ್‌ಗೆ ಹಾಕಲು ಆಗುವುದಿಲ್ಲ. ನಾಳೆ ಸಂಜೆ ಮೇಷ್ಟ್ರು ಮತ್ತೆ ಬರುತ್ತಾರೆ, ಸ್ಕ್ವಾಶ್‌ಎಫ್‌ಎಸ್ ಮೌಂಟ್ ಮಾಡಿ ಹೋಮ್ ಫೋಲ್ಡರನ್ನು ಇಬ್ಬರೂ ಕೂತು ನೋಡುತ್ತೇವೆ. ಅಲ್ಲಿಯ ತನಕ ಇಮೇಜ್ ನನ್ನ ಹಾರ್ಡ್ ಡಿಸ್ಕಿನಲ್ಲಿ ಮತ್ತು ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಮಾತ್ರ.