ಸಾಗರದಿಂದ ಹೊನ್ನಾವರದವರೆಗೆ: ಸಮಿತಿಯ ಭಾಷಣ ಪ್ರವಾಸಕ್ಕೆ ತಯಾರಿ

ಹೆಂಗಸರ ಸಂಘಟನೆಯಾದ ರಾಷ್ಟ್ರ ಸೇವಿಕಾ ಸಮಿತಿ ಶುರುವಾದದ್ದು 1936ರ ವಿಜಯದಶಮಿಯಂದು, ವರ್ಧಾದಲ್ಲಿ. ಸ್ಥಾಪಕಿ ಲಕ್ಷ್ಮೀಬಾಯಿ ಕೇಳ್ಕರ್, ಎಲ್ಲರ ಬಾಯಲ್ಲಿ ಮೌಸೀಜಿ, ಊರೂರಿಗೆ ಹೋಗಿ ರಾಮಾಯಣ ಪ್ರವಚನ ಮಾಡುತ್ತಲೇ ಸಂಘಟನೆ ಬೆಳೆಸಿದರು. 2012ರಲ್ಲಿ ಪ್ರಮುಖ ಸಂಚಾಲಿಕಾ, ಅಂದರೆ ಸಮಿತಿಯ ಮುಖ್ಯಸ್ಥೆಯ ಹೊಣೆ ಹೊತ್ತ ಶಾಂತಕ್ಕ ನಮ್ಮ ಬೆಂಗಳೂರಿನವರು. ಪ್ರವಾಸವೆಂದರೆ ಸಮಿತಿಯ ಕೆಲಸದ ಜೀವನಾಡಿ. ಸಾಗರ, ಸಿದ್ದಾಪುರ, ಶಿರಸಿ, ಕುಮಟಾ, ಹೊನ್ನಾವರ ಸುತ್ತಿ ಬರುವ ಐದು ದಿನದ ಕಾರು ಪ್ರವಾಸವನ್ನು ಹೇಗೆ ಹೊಂದಿಸಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಮೊದಲಿಗೇ ಒಂದು ಮಾತು: ವೇಳಾಪಟ್ಟಿ ಭಾಷಣಕಾರರ ಅನುಕೂಲಕ್ಕಲ್ಲ, ಕೇಳಲು ಬರುವ ಮನೆಯೊಡತಿಯ ಹೊತ್ತಿಗೆ ಹೊಂದಬೇಕು. ಸೋತ ಪ್ರವಾಸಗಳಲ್ಲಿ ಹೆಚ್ಚಿನವು ಇಲ್ಲೇ ಎಡವಿರುತ್ತವೆ.

ಮಲೆನಾಡಿನಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾದರೆ ಹೆಂಗಸರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅಡಿಕೆ ಸುಲಿಯುವವರಿಗೆ ತಿಂಡಿ, ಚಹಾ, ಊಟ, ಅದರ ನಡುವೆ ಅಂಗಳದ ಕೆಲಸ. ಡಿಸೆಂಬರ್, ಜನವರಿಯಲ್ಲಿ ಸಭೆ ಇಟ್ಟರೆ ಪೇಟೆಯವರು ಮಾತ್ರ ಬರುತ್ತಾರೆ, ಹಳ್ಳಿ ಖಾಲಿ. ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ, ಏಪ್ರಿಲ್, ಮೇ ಮದುವೆ, ಉಪನಯನ. ಘಟ್ಟದ ಮೇಲೆ ಸಿಗುವುದು ಫೆಬ್ರವರಿಯ ಎರಡನೇ ಅರ್ಧ, ಇಲ್ಲವೇ ನವರಾತ್ರಿಯ ಆಸುಪಾಸು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಆ ವರ್ಷವಾದರೆ ಜಾತ್ರೆಯ ದಿನಗಳನ್ನು ನೋಡಿಕೊಂಡೇ ತಾರೀಕು ಹಾಕಿ. ಮನೆತುಂಬ ನೆಂಟರಿರುವಾಗ ಯಾರೂ ಹೊರಗೆ ಕಾಲಿಡಲಾರರು.

ದಿನಕ್ಕೆ ಎರಡೇ ಸಭೆ. ಬೆಳಿಗ್ಗೆ 10.30ರಿಂದ 12, ಮಧ್ಯಾಹ್ನ 3ರಿಂದ 4.30. ಹಾಲು ಕರೆಯುವ ಹೊತ್ತಿಗೆ ಹೆಂಗಸರು ಕೊಟ್ಟಿಗೆಯಲ್ಲಿರಬೇಕು, ಅದಕ್ಕೂ ಮೊದಲು ಶಾಲೆಯ ವ್ಯಾನು ಬರುತ್ತದೆ. 4.30ಕ್ಕೆ ಮುಗಿಸುತ್ತೇವೆಂದು ಹೇಳಿ 5.15ಕ್ಕೆ ಮುಗಿಸಿದರೆ ಮುಂದಿನ ಸಲ ಆ ಅತ್ತೆಯವರು ಸೊಸೆಯನ್ನು ಕಳಿಸುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಮೂರನೆಯ ಸಭೆ ಸೇರಿಸುವ ಆಸೆ ಎಲ್ಲ ತಾಲೂಕಿನವರಿಗೂ ಇರುತ್ತದೆ. ಬೇಡ ಅನ್ನಿ. ಸಂಜೆಯ ಹೊತ್ತನ್ನು ನಾಲ್ಕೈದು ಜನರ ಬೈಠಕ್‌ಗೆ ಇಟ್ಟುಕೊಳ್ಳಿ.

ದಾರಿಯ ಲೆಕ್ಕ ನಕ್ಷೆ ತೋರಿಸುವ ನಿಮಿಷದಲ್ಲಿಲ್ಲ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ಆದರೆ ದೇವಿಮನೆ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಸಾಕು, ಎರಡು ತಾಸು ಕೈಯಲ್ಲಿರಲಿ. ಗುಡ್ಡ ಕುಸಿಯುವ ಮಳೆಯಾದರೆ ಸಿದ್ದಾಪುರದಿಂದ ದೊಡ್ಡಮನೆ ಘಟ್ಟ ಇಳಿಯುವ ದಾರಿಯೂ ಇದೆ. ಹೊರಡುವ ಮುಂಚೆ ಕುಮಟಾದವರಿಗೆ ಫೋನ್ ಮಾಡಿ ಯಾವ ರಸ್ತೆ ಓಡುತ್ತಿದೆ ಎಂದು ಕೇಳುವುದೇ ಕ್ಷೇಮ. ಹಿಂದಿರುಗುವಾಗ ಹೊನ್ನಾವರದಿಂದ ಗೇರುಸೊಪ್ಪೆ, ಮಾವಿನಗುಂಡಿ, ತಾಳಗುಪ್ಪದ ಮೇಲೆ ಸಾಗರ ಸೇರಬಹುದು. ಘಟ್ಟ ಇಳಿಯುವ ಮುಂಚೆ ಹೊಟ್ಟೆತುಂಬ ಊಟ ಬೇಡ. ಅವಲಕ್ಕಿ, ಬಾಳೆಹಣ್ಣು ಸಾಕು. ತಲೆಸುತ್ತುವವರಿಗೆ ಮುಂದಿನ ಸೀಟು ಬಿಟ್ಟುಕೊಡಿ, ಒಣಶುಂಠಿ, ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಚೀಲ ಕೈಗೆ ಸಿಗುವಲ್ಲಿರಲಿ. ಡ್ರೈವರ್ ಬಿಟ್ಟು ನಾಲ್ಕೇ ಜನ: ಭಾಷಣಕಾರರು, ಹಾಡು ಹೇಳಿಕೊಡುವವರು, ಲೆಕ್ಕ ಮತ್ತು ಪುಸ್ತಕ ನೋಡುವವರು, ಆಯಾ ತಾಲೂಕಿನಲ್ಲಿ ಹತ್ತುವ ಒಬ್ಬರು. ಡ್ರೈವರಣ್ಣನ ಊಟ, ಹಾಸಿಗೆಯನ್ನು ಮೊದಲೇ ಮನೆಯವರಿಗೆ ತಿಳಿಸಿ. ರಾತ್ರಿ ಕಾರಲ್ಲೇ ಮಲಗಿದವರು ಮರುದಿನ ಘಟ್ಟ ಓಡಿಸುವಂತಾಗಬಾರದು.

ವಸತಿ ಲಾಡ್ಜಿನಲ್ಲಲ್ಲ, ಮನೆಗಳಲ್ಲೇ. ಒಂದು ರಾತ್ರಿ ಉಳಿದು ಜಗುಲಿಯಲ್ಲಿ ಆಡುವ ಮಾತು ವೇದಿಕೆಯ ಭಾಷಣಕ್ಕಿಂತ ಆಳಕ್ಕೆ ಇಳಿಯುತ್ತದೆ. ಆದರೆ ಇಲ್ಲೇ ಒಂದು ಸೂಕ್ಷ್ಮ ಇದೆ. ಅತಿಥಿಗಳಿಗೆ ಕಾಯಿಹೋಳಿಗೆ, ಎರಡು ಬಗೆಯ ಪಲ್ಯ ಮಾಡುತ್ತ ನಿಂತ ಮನೆಯಾಕೆಗೇ ಸಭೆ ತಪ್ಪಿಹೋಗುತ್ತದೆ. ಯಾರಿಗಾಗಿ ಇಷ್ಟು ದೂರ ಬಂದೆವೋ ಅವರೇ ಒಲೆಯ ಮುಂದೆ! ಹಾಗಾಗಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ ಎಂದು ವಾರದ ಮುಂಚೆಯೇ ಹೇಳಿ. ಸಭೆಯ ದಿನ ಹತ್ತು ಮನೆಯಿಂದ ನಾಲ್ಕು ನಾಲ್ಕು ಚಪಾತಿ, ಒಂದು ಡಬ್ಬಿ ಚಟ್ನಿ ತರಿಸಿದರೆ ಯಾರಿಗೂ ಹೊರೆಯಿಲ್ಲ, ಹತ್ತು ಮನೆಗೂ ಕಾರ್ಯಕ್ರಮ ತಮ್ಮದೆನಿಸುತ್ತದೆ. ಇನ್ನೊಂದು, ಸಂಕೋಚವಿಲ್ಲದೆ ಕೇಳಬೇಕಾದ್ದು: ಮಡಿ, ಮುಟ್ಟಿನ ಕಟ್ಟುಪಾಡು ಇರುವ ಮನೆಗಳಿವೆ. ಅವರ ನಡವಳಿಕೆಗೂ ಧಕ್ಕೆಯಾಗಬಾರದು, ಪ್ರವಾಸದವರಿಗೂ ಮುಜುಗರವಾಗಬಾರದು. ಪ್ರತಿ ಊರಲ್ಲೂ ಎರಡನೆಯ ಮನೆಯೊಂದನ್ನು ಹೇಳಿಟ್ಟುಕೊಳ್ಳಿ.

ಸಭಾಭವನದಲ್ಲಿ ಮೊದಲು ನೋಡಬೇಕಾದದ್ದು ವೇದಿಕೆಯಲ್ಲ, ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು. ಕೈ ಇಟ್ಟುಕೊಂಡವರು ಪೇಟೆಗೆ ಹೋಗಿದ್ದರೆ ನೂರು ಹೆಂಗಸರು ಪರದಾಡಬೇಕು. ಐವತ್ತು ಜನರ ಕೋಣೆಗೆ ಮೈಕೇ ಬೇಡ. ಅದಕ್ಕಿಂತ ದೊಡ್ಡದಾದರೆ ಬ್ಯಾಟರಿಯ ಟ್ರಾಲಿ ಸ್ಪೀಕರ್ ಒಂದು, ಕಾರ್ಡ್‌ಲೆಸ್ ಮೈಕ್ ಒಂದು, ಬದಲಿ ಸೆಲ್ ಎರಡು ಜೊತೆ. ಸ್ಪೀಕರನ್ನು ಮಾತಾಡುವವರಿಗಿಂತ ಮುಂದೆ, ಜನರತ್ತ ತಿರುಗಿಸಿ ಇಡಿ. ಹಿಂದಿಟ್ಟರೆ ಮೈಕ್ ತನ್ನ ದನಿಯನ್ನೇ ಹಿಡಿದು ಕೀರಲುತ್ತದೆ. ಆರ್‌ಸಿಸಿ ಭವನದಲ್ಲಿ ಮಾತು ಗೊಂಯ್ ಅಂದರೆ ವಾಲ್ಯೂಮ್ ಏರಿಸಬೇಡಿ, ಬೇಸ್ ಇಳಿಸಿ. ಬಯಲಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸ್ ಅನುಮತಿ ಬೇಕು. ಚುನಾವಣಾ ನೀತಿಸಂಹಿತೆ ಇದ್ದಾಗ ಇನ್ನೂ ಎಚ್ಚರ. ಯಾವ ಪಕ್ಷದ ಮುಖಂಡರನ್ನೂ ವೇದಿಕೆಗೆ ಕರೆಯಬೇಡಿ. ಅವರ ಸ್ವಾಗತ, ಹಾರ, ಶಾಲಿಗೆ ಅರ್ಧ ತಾಸು ಹೋಗುತ್ತದೆ, ಬೇರೆ ಪಕ್ಷದ ಮನೆಗಳ ಹೆಂಗಸರು ಎದ್ದೂ ಹೋಗುತ್ತಾರೆ.

ಭಾಷಣ 35 ನಿಮಿಷ. ಮೊದಲ ಹತ್ತು ನಿಮಿಷ ಆ ನೆಲದ ಹೆಣ್ಣುಮಗಳದ್ದು. ಸಾಗರದಲ್ಲಿ ಕೆಳದಿ ಚೆನ್ನಮ್ಮ, ಔರಂಗಜೇಬನ ಸೇನೆಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ಹೊನ್ನಾವರದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದವಳು. ಕುಮಟಾದಲ್ಲಿ ಅಹಲ್ಯಾಬಾಯಿ ಹೋಳ್ಕರ್. ಆಕೆಯ ದಾನಧರ್ಮ ಗೋಕರ್ಣದವರೆಗೂ ಬಂದಿತ್ತು. ಜೀಜಾಬಾಯಿಯ ಮಾತೃತ್ವ, ಅಹಲ್ಯಾಬಾಯಿಯ ಕರ್ತೃತ್ವ, ಝಾನ್ಸಿ ಲಕ್ಷ್ಮೀಬಾಯಿಯ ನೇತೃತ್ವ ಎಂದು ಸಮಿತಿ ಹೇಳುವ ಮೂರು ಆದರ್ಶ ಇಂಥ ಕಥೆಯ ಬೆನ್ನಿಗೆ ಬಂದರೆ ಮನಸ್ಸಿಗೆ ಹತ್ತುತ್ತದೆ. ಆಮೇಲೆ ಮನೆಗೆ ಬನ್ನಿ: ರಾತ್ರಿ ಎಲ್ಲರೂ ಕೂಡಿ ಉಣ್ಣುವುದು, ದೀಪ ಹಚ್ಚುವಾಗ ಟಿವಿ, ಮೊಬೈಲ್ ಆರಿಸುವುದು, ಮಕ್ಕಳಿಗೆ ವಾರಕ್ಕೊಂದು ಶ್ಲೋಕ. ಮೂರಕ್ಕಿಂತ ಹೆಚ್ಚು ಹೇಳಿದರೆ ಒಂದೂ ಉಳಿಯುವುದಿಲ್ಲ.

ಪ್ರಶ್ನೆಗೆ ಕಾಲು ತಾಸು ಬಿಡಿ, ಚೀಟಿಯಲ್ಲಿ ಬರೆಸಿ. ಮೈಕ್ ಹಿಡಿದು ಕೇಳಿ ಅಂದರೆ ಯಾರೂ ಏಳುವುದಿಲ್ಲ, ಚೀಟಿ ಕೊಟ್ಟರೆ ಮನಸ್ಸು ಬಿಚ್ಚುತ್ತಾರೆ. ಈ ಭಾಗದಲ್ಲಿ ಖಂಡಿತ ಬರುವ ಪ್ರಶ್ನೆ: ತೋಟ ನೋಡಿಕೊಂಡು ಊರಲ್ಲೇ ಇರುವ ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಏನು ಮಾಡೋಣ? ಓದಿದ ಹುಡುಗಿಯರನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ, ಅದು ಅನ್ಯಾಯ. ಆ ಹುಡುಗಿಯರೇ ಹಿಂದಿನ ಸಾಲಲ್ಲಿ ಕೂತಿರುತ್ತಾರೆ. ಸೊಸೆಯಾಗಿ ಬರುವವಳ ಓದಿಗೆ, ದುಡಿಮೆಗೆ, ತವರಿನ ಹೋಗುಬರುವಿಕೆಗೆ ನಮ್ಮ ಮನೆ ಎಷ್ಟು ಜಾಗ ಕೊಟ್ಟಿದೆ ಎಂದು ಅತ್ತೆಯಂದಿರೇ ಯೋಚಿಸುವಂತೆ ಹೇಳಬೇಕು. ಕುಟುಂಬ ಉಳಿಯಬೇಕೆನ್ನುವ ನಾವು ಈ ಮಾತನ್ನು ತಪ್ಪಿಸಿಕೊಳ್ಳಬಾರದು.

ಹೆಸರು ಬರೆಸಿಕೊಳ್ಳುವುದು ಒಳಗೆ ಬರುವಾಗಲೇ. ಮುಗಿದ ಮೇಲೆ ಎಲ್ಲರೂ ಬಸ್ಸಿಗೆ ಓಡುತ್ತಾರೆ. ಎರಡು ಪುಸ್ತಕ, ದಾರ ಕಟ್ಟಿದ ನಾಲ್ಕು ಪೆನ್ನು. ಹೆಸರು, ಊರು, ಫೋನ್, ವಾರದಲ್ಲಿ ಯಾವ ದಿನ ಬಿಡುವು ಎಂಬ ನಾಲ್ಕೇ ಅಂಕಣ. ಕೊನೆಯ ಅಂಕಣವೇ ಮುಖ್ಯ. ಸಂಜೆಯ ಬೈಠಕ್‌ನಲ್ಲಿ ಅದನ್ನು ನೋಡಿ ಯಾವ ದಿನ, ಯಾರ ಮನೆಯಲ್ಲಿ ಮೊದಲ ಮಿಲನ (ಊರಿನವರೇ ಸೇರುವ ಕೂಟ), ಯಾರು ನಡೆಸುತ್ತಾರೆ ಎಂದು ಅಲ್ಲೇ ಗೊತ್ತುಮಾಡಿ, ಪುಸ್ತಕವನ್ನು ಆ ಊರಿನವರ ಕೈಗೇ ಕೊಟ್ಟುಬನ್ನಿ. ಫೋಟೋ ತೆಗೆದುಕೊಂಡರೆ ನಮಗೆ ಸಾಕು. ಎಂಟು ದಿನದೊಳಗೆ ಆ ಮಿಲನ ನಡೆಯಬೇಕು, ನಡೆಯುವ ಹಿಂದಿನ ರಾತ್ರಿ ಪ್ರವಾಸದಲ್ಲಿದ್ದ ಒಬ್ಬರು ಆ ಮನೆಯಾಕೆಗೆ ಫೋನ್ ಮಾಡಬೇಕು. ಬರುವವರು ಐದೇ ಜನ ಅಂದರೂ ಮುಂದಕ್ಕೆ ಹಾಕಬೇಡಿ ಎಂದು ಹೇಳಿ.