ಜರ್ಮನಿಯಲ್ಲಿ ನಮ್ಮ ಡಿಎಲ್‌ಗೆ ಆರೇ ತಿಂಗಳು

ಕರ್ನಾಟಕದ ಆರ್‌ಟಿಓ ಕೊಟ್ಟ ಡಿಎಲ್, ಜರ್ಮನಿಯಲ್ಲಿ ವಾಸ ಶುರುವಾದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಹೊರಡುವ ಮುಂಚೆ ಮಾಡಿಸಿಕೊಂಡ ಅಂತರರಾಷ್ಟ್ರೀಯ ಪರ್ಮಿಟ್‌ನಲ್ಲಿ ಒಂದು ವರ್ಷ ಎಂದು ಬರೆದಿರುತ್ತದೆ, ಅದನ್ನು ನಂಬಿ ಕೂರಬೇಡಿ. ಅದು ಡಿಎಲ್‌ನ ಅನುವಾದವಷ್ಟೇ, ಗಡುವನ್ನು ಒಂದು ದಿನವೂ ಮುಂದೂಡುವುದಿಲ್ಲ. ಏಳನೇ ತಿಂಗಳಲ್ಲಿ ಕಾರು ತೆಗೆದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ, ಅಂದರೆ ಕ್ರಿಮಿನಲ್ ಕೇಸು.

ಜಪಾನಿನವರು ತಮ್ಮ ಲೈಸೆನ್ಸ್ ಕೊಟ್ಟು ಪರೀಕ್ಷೆಯಿಲ್ಲದೆ ಜರ್ಮನ್ ಲೈಸೆನ್ಸ್ ಕಾರ್ಡ್ ಪಡೆಯುತ್ತಾರೆ. ಹೀಗೆ ಬದಲಿಸಿಕೊಳ್ಳಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ನಮಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಉಂಟು. ಹೊಸಬರಿಗೆ ಕಡ್ಡಾಯವಾದ ತರಗತಿಗಳಿಂದ ಮಾತ್ರ ವಿನಾಯಿತಿ. ಹಾಗೆಂದು ಡ್ರೈವಿಂಗ್ ಸ್ಕೂಲನ್ನು ಬಿಡಲಾಗದು. ಪ್ರಾಕ್ಟಿಕಲ್ ನಡೆಯುವುದೇ ಅವರ ಡಬಲ್ ಪೆಡಲ್ ಕಾರಿನಲ್ಲಿ, ಅವರ ಶಿಕ್ಷಕ ಪಕ್ಕದಲ್ಲಿ ಕೂತಿರುವಾಗ.

ಅರ್ಜಿಯನ್ನು ಅಲ್ಲಿನ ಲೈಸೆನ್ಸ್ ಕಚೇರಿಗೆ ಮೊದಲ ತಿಂಗಳಲ್ಲೇ ಹಾಕಿ. ಕನ್ನಡಕದ ಅಂಗಡಿಯಲ್ಲಿ ಮಾಡಿಸಿದ ದೃಷ್ಟಿ ಪರೀಕ್ಷೆಯ ಚೀಟಿ (ಎರಡು ವರ್ಷ ನಡೆಯುತ್ತದೆ), 45 ನಿಮಿಷದ ಒಂಬತ್ತು ಪಾಠಗಳ ಪ್ರಥಮ ಚಿಕಿತ್ಸೆ ಕೋರ್ಸಿನ ಸರ್ಟಿಫಿಕೇಟ್, ಬಯೋಮೆಟ್ರಿಕ್ ಫೋಟೋ, ಪಾಸ್‌ಪೋರ್ಟ್, ವಿಳಾಸ ನೋಂದಣಿ ಪತ್ರ, ಡಿಎಲ್ ಮತ್ತು ಅದರ ಅನುವಾದ ಬೇಕು. ಕೋರ್ಸು ಒಂದೇ ದಿನದಲ್ಲಿ ಮುಗಿಯುತ್ತದೆ, ದೊಡ್ಡ ಊರುಗಳಲ್ಲಿ ಇಂಗ್ಲಿಷಿನಲ್ಲೂ ಸಿಗುತ್ತದೆ. ತಡವಾಗುವುದು ಕಚೇರಿಯಲ್ಲಿ. ಅಲ್ಲಿಂದ ಒಪ್ಪಿಗೆ ಬಂದು ಪರೀಕ್ಷಾ ಸಂಸ್ಥೆಗೆ ಆದೇಶ ಹೋಗಲು ವಾರಗಟ್ಟಲೆ ಹಿಡಿಯುತ್ತದೆ, ಅಲ್ಲಿಯವರೆಗೆ ಪರೀಕ್ಷೆಯ ದಿನ ಸಿಗುವುದಿಲ್ಲ.

ಥಿಯರಿಯನ್ನು ಇಂಗ್ಲಿಷಿನಲ್ಲಿ ತೆಗೆದುಕೊಳ್ಳಬಹುದು. 30 ಪ್ರಶ್ನೆ, ತಪ್ಪಾದ ಪ್ರಶ್ನೆಗಳ ಅಂಕ ಕೂಡಿ 10 ದಾಟಿದರೆ ಫೇಲ್. 5 ಅಂಕದ ಪ್ರಶ್ನೆ ಎರಡು ತಪ್ಪಿದರೆ ಒಟ್ಟು ಹತ್ತೇ ಆದರೂ ಫೇಲ್. ಒಂದು ಪ್ರಶ್ನೆಗೆ ಎರಡು ಮೂರು ಸರಿಯುತ್ತರ ಇರಬಹುದು, ಒಂದನ್ನು ಬಿಟ್ಟರೂ ಪೂರ್ತಿ ತಪ್ಪು. ಆ್ಯಪ್‌ನಲ್ಲಿ ಪ್ರಶ್ನೆಗಳನ್ನೆಲ್ಲ ಉಜ್ಜಿದವರಿಗೆ ಇದು ಕಷ್ಟವಲ್ಲ.

ಹತ್ತು ವರ್ಷ ಬೆಂಗಳೂರಿನಲ್ಲಿ ಓಡಿಸಿದವರು ಬೀಳುವುದು ಪ್ರಾಕ್ಟಿಕಲ್‌ನಲ್ಲಿ. ಒಟ್ಟು 55 ನಿಮಿಷ, ಪರೀಕ್ಷಕರು ಹಿಂದಿನ ಸೀಟಿನಲ್ಲಿ. ಸೂಚನೆ ಜರ್ಮನ್‌ನಲ್ಲಿ, ಎಡ, ಬಲ, ನೇರ, ಪಾರ್ಕ್ ಮಾಡಿ ಎನ್ನುವಷ್ಟು ಕಲಿತಿರಬೇಕು. ಮೊದಮೊದಲು ಮಾರುತಿ ಕೈಯವರು ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಹಾಕುತ್ತಾರೆ, ಅದು ಎರಡು ದಿನದ ಮಾತು. ಮೈಗಂಟಿದ ರೂಢಿಗಳೇ ಬೇರೆ. ಗಂಟೆಗೆ 30 ಕಿ.ಮೀ. ಮಿತಿಯ ವಲಯದಲ್ಲಿ ಬೋರ್ಡಿಲ್ಲದ ಪ್ರತಿ ಕೂಡುರಸ್ತೆಯಲ್ಲೂ ಬಲಗಡೆಯಿಂದ ಬರುವವರಿಗೆ ದಾರಿ. ಆ ಗಲ್ಲಿ ಎಷ್ಟೇ ಕಿರಿದಾಗಿದ್ದರೂ ಸರಿ. ನಮ್ಮದು ದೊಡ್ಡ ರಸ್ತೆ ಎಂಬ ಧೈರ್ಯದಲ್ಲಿ ನುಗ್ಗಿದರೆ ಶಿಕ್ಷಕರ ಕಾಲು ಬ್ರೇಕಿಗೆ ಹೋಗುತ್ತದೆ, ಪರೀಕ್ಷೆ ಅಲ್ಲಿಗೇ ಮುಗಿಯಿತು. (ಇಂಥದೇ ನಿಯಮ ನಮ್ಮಲ್ಲೂ ಇದೆ. ಜಯನಗರದ ಕ್ರಾಸ್‌ಗಳಲ್ಲಿ ಪಾಲಿಸುವವರನ್ನು ಕಂಡಿದ್ದರೆ ಹೇಳಿ.)

ಇನ್ನೊಂದು, ಭುಜದ ಮೇಲಿಂದ ಹಿಂತಿರುಗಿ ನೋಡುವುದು. ಬಲಕ್ಕೆ ತಿರುಗುವಾಗ ಪಕ್ಕದ ಪಥದಲ್ಲಿ ನೇರ ಹೋಗುತ್ತಿರುವ ಸೈಕಲ್ ಕನ್ನಡಿಗೆ ಸಿಗದೆ ಇರಬಹುದು. ಕತ್ತು ತಿರುಗಿದ್ದು ಪರೀಕ್ಷಕರಿಗೂ ಕಾಣಬೇಕು. ಸೈಕಲ್ ದಾಟುವಾಗ ಊರೊಳಗೆ ಕನಿಷ್ಠ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಅಂತರ ಬಿಡಬೇಕು. ಅಷ್ಟು ಜಾಗವಿಲ್ಲದಿದ್ದರೆ ಹಾರ್ನ್ ಮಾಡದೆ ಹಿಂದೆಯೇ ಹೋಗಿ. ಅಂಜಿ ಎಲ್ಲೆಡೆ 30ರಲ್ಲೇ ತೆವಳಿದರೂ ತಪ್ಪು: 50 ಇರುವಲ್ಲಿ, ದಾರಿ ಖಾಲಿಯಿದ್ದರೆ, 50ರ ಹತ್ತಿರ ಹೋಗಬೇಕು. ಇಷ್ಟಕ್ಕೆ ಕಡ್ಡಾಯವಲ್ಲದಿದ್ದರೂ ಕೆಲವು ಪಾಠ ತೆಗೆದುಕೊಳ್ಳಿ. ಮತ್ತೆ ಪರೀಕ್ಷೆಗೆ ಕಟ್ಟುವುದಕ್ಕಿಂತ ಅಗ್ಗ.

ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಸಾಮಾನ್ಯವಾಗಿ ಕಾರ್ಡಿನಲ್ಲಿ 78 ಎಂಬ ಸಂಕೇತ ಕೂರುತ್ತದೆ, ಗೇರ್ ಕಾರು ಓಡಿಸುವಂತಿಲ್ಲ. ಹೊಸ ಕಾರ್ಡ್ ಕೈಗೆ ಬರುವಾಗ ಭಾರತದ ಡಿಎಲ್ ಒಪ್ಪಿಸಬೇಕು, ಮೊದಲೇ ಎರಡೂ ಬದಿಯ ಸ್ಕ್ಯಾನ್ ಇಟ್ಟುಕೊಳ್ಳಿ. ರಜೆಗೆ ಊರಿಗೆ ಬಂದು ಅಪ್ಪನ ಕಾರು ತೆಗೆಯುವುದಿದ್ದರೆ, ಜರ್ಮನ್ ಲೈಸೆನ್ಸಿನ ಮೇಲೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಅದನ್ನು ವಿಮಾನ ಹತ್ತುವ ಮುಂಚೆ ಅಲ್ಲಿನ ಲೈಸೆನ್ಸ್ ಕಚೇರಿಯಲ್ಲೇ ಮಾಡಿಸಿಕೊಂಡು ಬನ್ನಿ.